ಅಧ್ಯಕ್ಷೆಯ ಶಾಲು

ನಮ್ಮ ಸರ್ಕಾರಿ ಶಾಲೆಯನ್ನು ಒಂದು ಟ್ರಸ್ಟ್ ದತ್ತು ಪಡೆದ ಮೇಲೆ ಪಕ್ಕದ ಮನೆಯ ಚಂದ್ರಕಲಾಳನ್ನು ಹಿಡಿಯುವವರೇ ಇರಲಿಲ್ಲ. ಅವಳು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ. ಕಾರಿನಲ್ಲಿ ಬಂದವರೆಲ್ಲ ಅವಳಿಗೇ ಶಾಲು ಹೊದಿಸುವರು, ಅವಳ ಜೊತೆಗೇ ಫೋಟೊ. ಒತ್ತಕ್ಷರ ಬಂದರೆ ತಡವರಿಸುವ ನನ್ನ ಮಗಳೂ ಅಲ್ಲೇ ಓದುತ್ತಾಳೆ, ನಾನೂ ಅದೇ ಸಮಿತಿಯ ಸದಸ್ಯೆ. ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಹಾಗಾಗಿ ಟ್ರಸ್ಟಿನವರು, "ಚಂದ್ರಕಲಾ ಅವರು ಸಹಕಾರ ಕೊಡ್ತಿಲ್ಲ. ನೀವು ಅಧ್ಯಕ್ಷರಾಗ್ತೀರಾ ಮೇಡಂ?" ಎಂದಾಗ ಎರಡನೇ ಸಲ ಕೇಳುವ ಮೊದಲೇ ಒಪ್ಪಿಕೊಂಡೆ. ಅಲ್ಲಿಯವರೆಗೆ ಯಾರೂ ನನ್ನನ್ನು ಮೇಡಂ ಎಂದಿರಲಿಲ್ಲ. ಸಭೆಯಲ್ಲಿ ಉಳಿದ ಸದಸ್ಯರು ಕೈ ಎತ್ತಿದರು.

ಟ್ರಸ್ಟಿನವರು ನನಗೆ ಶಾಲು ಹೊದಿಸಿ, ಇಂಗ್ಲಿಷಿನ ನಾಲ್ಕು ಹಾಳೆ ಮುಂದಿಟ್ಟರು. ಚಂದ್ರಕಲಾ ದೂರದಿಂದ ಬೇಡ ಬೇಡವೆಂದು ತಲೆಯಾಡಿಸಿದಳು. ಅವಳ ಸಂಕಟ ಕಂಡು ಇನ್ನೂ ಖುಷಿಯಾಗಿ, ದೊಡ್ಡದಾಗಿ ಸಹಿ ಹಾಕಿದೆ.

ಗೇಟಿನ ಹತ್ತಿರ ಅವಳು ಕಾದಿದ್ದಳು.

"ಯಾಕೆ, ಹೊಟ್ಟೆಕಿಚ್ಚಾ?" ಎಂದೆ. "ಶಾಲು ನೀನೊಬ್ಳೇ ಹೊದ್ಕಬೇಕಿತ್ತಾ?"

"ಮನೇಲಿ ನಾಲ್ಕವೆ, ಅವನ್ನೂ ತಗೊಂಡೋಗು. ಆ ಹಾಳೇಲಿ ಏನೈತೆ ಅಂತ ಕೇಳ್ದಾ?"

"ನೀನು ಭಾರಿ ಕೇಳಿ ಹಾಕ್ತಿದ್ದೆ!"

"ಬೇರೆಯವಕ್ಕೆಲ್ಲ ಕಣ್ಮುಚ್ಕೊಂಡು ಹಾಕ್ದೆ. ಇದಕ್ಕೆ ಮಾತ್ರ ಮೂರು ತಿಂಗ್ಳಿಂದ ಹಾಕ್ಲಿಲ್ಲ ಕಣೆ. ಓದೋದ್ರಲ್ಲಿ ಹಿಂದಿರೋ ಮಕ್ಳನ್ನ ಹೊಳೆಯಾಚೆ ಸ್ಕೂಲಿಗೆ ಕಳ್ಸೋ ಪಟ್ಟಿ ಅದು."

"ಓಹೋ, ಅದ್ರಲ್ಲಿ ನಿನ್ನ ಮಗಳ ಹೆಸರಿತ್ತೇನೋ!"

"ನನ್ನ ಮಗಳದಲ್ಲ," ಎಂದಳು ಚಂದ್ರಕಲಾ. "ನಿನ್ನ ಮಗಳದು."