ಅಧ್ಯಕ್ಷರ ತಾಯಿಯ ತಲೆಸುತ್ತು

ವಯಸ್ಸಾದವರ ಅನಗತ್ಯ ಮಾತ್ರೆಗಳನ್ನು ಕಡಿಮೆ ಮಾಡುವುದು ಹೇಗೆಂದು ಹತ್ತಾರು ಊರುಗಳ ಕುಟುಂಬ ವೈದ್ಯರನ್ನು ಸೇರಿಸಿಕೊಂಡು ಸಂಶೋಧನೆ ನಡೆಸುತ್ತಿದ್ದರು ಡಾ. ವಾರಿಜಾ. ಈ ಸಲ ಅನುದಾನ ಸಿಗದಿದ್ದರೆ ಎಲ್ಲವನ್ನೂ ಮುಚ್ಚಬೇಕಿತ್ತು.

ಅನುದಾನ ಸಮಿತಿಯ ಅಧ್ಯಕ್ಷರು ಅರ್ಜಿ ಪಕ್ಕಕ್ಕಿಟ್ಟು ದನಿ ತಗ್ಗಿಸಿದರು. "ಮೇಡಂ, ನಮ್ಮಮ್ಮಂಗೆ ವಿಪರೀತ ತಲೆಸುತ್ತು. ದೊಡ್ಡ ದೊಡ್ಡ ಸ್ಪೆಷಲಿಸ್ಟುಗಳಿಗೆಲ್ಲ ತೋರಿಸಿದ್ದಾಯ್ತು. ನೀವೊಮ್ಮೆ ನೋಡ್ತೀರಾ?"

ವಾರಿಜಾ ಅಂದೇ ಹೋಗಿ, ಮುದುಕಿಯ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಒಬ್ಬೊಬ್ಬ ಸ್ಪೆಷಲಿಸ್ಟೂ ಬರೆದುಕೊಟ್ಟಿದ್ದ ಮಾತ್ರೆಗಳಲ್ಲಿ ಬೇಡದವನ್ನು ನಿಲ್ಲಿಸಿದರು. ವಾರ ಕಳೆಯುವಷ್ಟರಲ್ಲಿ ತಲೆಸುತ್ತು ನಿಂತು ಆಕೆ ಎದ್ದು ಓಡಾಡತೊಡಗಿದರು.

ಅಧ್ಯಕ್ಷರು ವಾರಿಜಾರನ್ನು ಕರೆಸಿ ಕೈಮುಗಿದರು. "ನಮ್ಮಮ್ಮನ್ನ ಉಳಿಸಿಬಿಟ್ರಿ!"

ವಾರಿಜಾಗೆ ಜೀವ ಬಂದಂತಾಯಿತು. "ಹಾಗಾದ್ರೆ ಸರ್, ನಮ್ಮ ಅನುದಾನ?"

"ಅದು ಕಷ್ಟ ಮೇಡಂ. ನಾಲ್ಕು ಮಾತ್ರೆ ನಿಲ್ಲಿಸಿದ್ರೆ ವಾಸಿಯಾಗೋದಕ್ಕೆಲ್ಲ ಸಂಶೋಧನೆ ಯಾಕೆ?"