ಸಪ್ಪಳದ ರೊಟ್ಟಿ

ಬೆಳಗಿನ ಏಳಕ್ಕೆ ಅಡುಗೆಮನೆಯ ಎರಡನೇ ನಲ್ಲಿಯಲ್ಲಿ ಎಂದಿನಂತೆ ಹಸಿರು ಸ್ಮೂದಿ ಬಂತು. ನೀಲಗಂಗವ್ವ ಲೋಟ ಹಿಡಿಯಲಿಲ್ಲ. ಊರಿನ ತೂಕ ಇಳಿಸಲೆಂದು ಸರ್ಕಾರ ಮಧ್ಯಾಹ್ನದವರೆಗೆ ಒಲೆಗಳನ್ನೆಲ್ಲ ಬಂದ್ ಮಾಡಿ, ಮನೆಮನೆಗೂ ಈ ನಲ್ಲಿ ಹಾಕಿಸಿ, ಯಾರೂ ಕದ್ದು ಅಗಿಯದಂತೆ ಗೋಡೆಗೊಂದು ಯಂತ್ರದ ಕಿವಿ ಕೂರಿಸಿ ವರ್ಷವಾಗಿತ್ತು. ಒಮ್ಮೆ ಸುಟ್ಟು ತಿಂಗಳುಗಟ್ಟಲೆ ಇಟ್ಟು ತಿನ್ನುವ ಖಡಕ್ ರೊಟ್ಟಿಯನ್ನು ಮಾತ್ರ ಅದು ಮರೆತಿತ್ತು. ಓಣಿಯವರೆಲ್ಲ ಅದನ್ನು ಮೊಸರಲ್ಲಿ ನೆನೆಸಿ ಸದ್ದಿಲ್ಲದೆ ನುಂಗುತ್ತಿದ್ದರು.

ಇವತ್ತು ಅವಳು ಒಣ ರೊಟ್ಟಿಯನ್ನೇ ಕಟಕ್ಕನೆ ಕಡಿದಳು.

"ಅವ್ವಾರ, ಅಗಿಯೂ ಸಪ್ಪಳ ಕೇಳಾಕತ್ತೈತ್ರೀ," ಎಂದಳು ಗೋಡೆಯ ಕಿವಿಯೊಳಗಿಂದ, ವಾರ್ಡ್ ಕಚೇರಿಯಲ್ಲಿ ಕೂತು ಕೇಳುವ ತಪಾಸಣೆಯ ತಬಸ್ಸುಮ್. "ಸ್ಮೂದಿ ಕುಡೀರಿ, ತೂಕ ಇಳೀತೈತಿ."

"ಸೊಪ್ಪಿನ ಜೋಡಿ ಬಾಳೆಹಣ್ಣು, ಖರ್ಜೂರ, ಜೇನುತುಪ್ಪ ಅರದು ಗಟಗಟ ಕುಡಿಸಿದ್ರಿ. ಹತ್ತಕ್ಕ ಮತ್ತ ಹಸಿವು. ವರ್ಷದಾಗ ನಾಕು ಕಿಲೋ ಏರೈತಿ. ಅಗದು ತಿಂದ್ರನ ಸಾಕಂತ ಹೊಟ್ಟಿಗೆ ತಿಳಿಯೂದವಾ."

"ನಾ ಬರಕೊಂಡ್ರ ಮಧ್ಯಾಹ್ನದ ಒಲಿನೂ ಬಂದ್ ಆಗ್ತೈತ್ರೀ."

"ಬರಕೋ. ನೀಲಗಂಗವ್ವ, ಎರಡು ರೊಟ್ಟಿ, ಶೇಂಗಾ ಚಟ್ನಿ."

ಈ ಸಲ ಗೋಡೆಯೊಳಗಿಂದ, ತಬಸ್ಸುಮ್ ಕಡೆಯಿಂದಲೇ, ಬಹಳ ಮೆಲ್ಲಗೆ, ರೊಟ್ಟಿ ಕಡಿದ ಕಟಕ್ ಸದ್ದು ಬಂತು.

"ಅಂಜಬ್ಯಾಡವಾ," ಎಂದಳು ನೀಲಗಂಗವ್ವ. "ಜೋರಾಗಿ ಕಡಿ."