ಜಿಸ್ಲೆನ್ ಕೊಟ್ಟ ಶ್ರುತಿ

"ನಿನ್ನ ಪಿಯಾನೊಗೆ ಜ್ವರ ಬಂದಿದೆ ಮಗೂ," ಎಂದಳು ಜಿಸ್ಲೆನ್. "ಶ್ರುತಿ ಏರಿಬಿಟ್ಟಿದೆ. ಮೊದಲು ಅದನ್ನ ಇಳಿಸು, ಆಮೇಲೆ ಅಭ್ಯಾಸ."

ಪ್ಯಾರಿಸ್ಸಿನಿಂದ ಬಂದಿದ್ದ ಅಪೋಲಿನ್ ಗಾಬರಿಯಿಂದ ಪಿಯಾನೊ ಮೇಲಿನ ಬೆರಳು ತೆಗೆದಳು. ಸಂಜೆಯೇ ಕಛೇರಿ. ಉಳಿದ ದಿನಗಳಲ್ಲಿ ಜಿಸ್ಲೆನ್ ತನ್ನ ಓಬೋ ವಾದ್ಯ ಎತ್ತಿ 'ಲಾ' ಎಂಬ ಒಂದೇ ಸ್ವರ ಊದುತ್ತಾಳೆ; ಪಿಟೀಲಿನಿಂದ ತುತ್ತೂರಿಯವರೆಗೆ ಇಡೀ ವಾದ್ಯವೃಂದ ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತದೆ. ಪಿಯಾನೊ ಇದ್ದ ದಿನ ಮಾತ್ರ ಅದರಿಂದ ಲಾ ಪಡೆದು ಎಲ್ಲರಿಗೂ ಕೊಡಬೇಕು. ಈ ವರ್ಷ ವೇದಿಕೆಗೆ ಪಿಯಾನೊ ಬಂದದ್ದು ಇದೇ ಮೊದಲು.

"ಬೆಳಿಗ್ಗೆ ತಾನೇ ಶ್ರುತಿ ಮಾಡಿಸಿದ್ದು, ಮದಾಂ."

"ಮಾಡಿದವನು ಊಟಕ್ಕೆ ಮುಂಚೇನೇ ವೈನ್ ಏರಿಸಿದ್ದ ಅನ್ಸುತ್ತೆ!" ಜಿಸ್ಲೆನ್ ನಗುತ್ತ ಹಿಂದಕ್ಕೆ ತಿರುಗಿದಳು. ಇಂಥ ಮಾತು ಬಿದ್ದರೆ ತುತ್ತೂರಿಯವರು ಸುಮ್ಮನಿರುವ ಪೈಕಿಯಲ್ಲ. ಇವತ್ತು ಒಬ್ಬನೂ ನಗಲಿಲ್ಲ. ಒಬ್ಬ ತನ್ನ ತುತ್ತೂರಿಯನ್ನು ಸುಮ್ಮನೆ ಒರೆಸುತ್ತಿದ್ದ. ವೃಂದದ ನಿರ್ದೇಶಕರು ಸ್ವರಲಿಪಿಯ ಹಾಳೆ ಮಗುಚುತ್ತಿದ್ದರು, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ.

ಏನೂ ಅರಿಯದ ಅಪೋಲಿನ್ ಫೋನ್ ತೆಗೆದು ಶ್ರುತಿ ತೋರಿಸುವ ಮುಳ್ಳನ್ನು ಜಿಸ್ಲೆನ್ ಮುಂದೆ ಹಿಡಿದು, ಲಾ ಒತ್ತಿದಳು. ಮುಳ್ಳು ನಟ್ಟನಡುವೆ ನಿಂತಿತು. ಜಿಸ್ಲೆನ್ ಇಂಥದ್ದನ್ನು ಎಂದೂ ಮುಟ್ಟಿದವಳಲ್ಲ. ಕಿವಿ ಇಲ್ಲದವರ ಊರುಗೋಲು ಎಂದು ಎಳೆಯರನ್ನು ಛೇಡಿಸಿದವಳು. ಈಗ ಅವಳೇ ಓಬೋ ಎತ್ತಿ ತನ್ನ ಲಾ ಊದಿದಳು. ಮುಳ್ಳು ಎಡಕ್ಕೆ, ತಗ್ಗಿದ ಶ್ರುತಿಯ ಕಡೆಗೆ ಜಾರಿ ಅಲ್ಲೇ ನಿಂತಿತು.

ಪಕ್ಕದಲ್ಲಿ ಕೊಳಲಿನ ಯಾನಿಕ್ ಕೂತಿದ್ದ. ಅವರಿಬ್ಬರೂ ಒಟ್ಟಿಗೇ ಈ ವೃಂದ ಸೇರಿದವರು. ಅವಳ ಕಣ್ಣು ಅವನ ಕೊಳಲಿನ ಮೇಲೆ ಬಿತ್ತು. ಸ್ವರ ತಗ್ಗಿಸಬೇಕಾದರೆ ಅದರ ತಲೆಯ ತುಂಡನ್ನು ಹೊರಗೆಳೆಯುತ್ತಾರೆ. ಅವನದು ಬೆರಳಗಲ ಹೊರಗಿತ್ತು.

"ಯಾನಿಕ್, ಯಾವಾಗಿನಿಂದ?"

"ಬೇಸಿಗೆ ರಜೆ ಮುಗಿಸಿ ಬಂದ ಮೇಲೆ," ಅವನು ತಲೆ ಎತ್ತಲಿಲ್ಲ. "ಮೊದಲು ಕೂದಲೆಳೆಯಷ್ಟು. ಆಮೇಲಾಮೇಲೆ..."

"ಎಲ್ಲರೂ ನನ್ನ ಜೊತೆ ಇಳಿದ್ರಾ? ಇಡೀ ವೃಂದ?"

"ನಮಗೆ ಲಾ ಕೊಡೋಳು ನೀನೇ ಅಲ್ವೇನೇ. ಮತ್ತೇನು ಮಾಡ್ಲಿ?"

"ಹೇಳೋಕೆ ಬಾಯಿರ್ಲಿಲ್ವಾ ನಿನಗೆ?"

"ಪಿಟೀಲಿನವರು ನಾನು ಹೇಳ್ಲಿ ಅಂತ ಕಾದ್ರು. ನಾನು, ಅವರು ಹೇಳ್ಲಿ ಅಂತ ಕಾದೆ." ಅವನ ದನಿ ಸಣ್ಣದಾಯಿತು. "ನಿನಗೆ ಹೇಗೆ ಹೇಳ್ಲಿ ಮಾರಾಯ್ತಿ, ನಿನ್ನ ಕಿವಿ ಹೋಗ್ತಿದೆ ಅಂತ?"

ಅಪೋಲಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಜಿಸ್ಲೆನ್‌ಗೆ ಒಮ್ಮೆಲೇ ಎದ್ದು ಹೊರಟುಬಿಡಬೇಕೆನಿಸಿತು. ತಿಂಗಳುಗಟ್ಟಲೆ ಚಪ್ಪಾಳೆಗೆ ಎದ್ದು ನಿಂತು ತಲೆಬಾಗಿದ್ದಳು. ಆ ಹೊತ್ತಿನಲ್ಲೆಲ್ಲ ಇವರು ಇವಳನ್ನು ಕಾಯಿಲೆಯವಳಂತೆ ಮೆಲ್ಲಗೆ ಹೊತ್ತು ನಡೆದಿದ್ದರು.

"ಒಳಗೆ ತಳ್ಳು," ಎಂದಳು.

"ಜಿಸ್ಲೆನ್..."

"ತಳ್ಳು ಅಂದೆ. ಎಲ್ಲರೂ ಸರಿಮಾಡ್ಕೊಳ್ಳಿ. ನೀನು ಒತ್ತು ಮಗೂ."

ಅಪೋಲಿನ್ ಲಾ ಒತ್ತಿದಳು. ಯಾನಿಕ್‌ನ ಕೊಳಲು ಒಳಸರಿಯಿತು, ಕ್ಲಾರಿನೆಟ್‌ಗಳೂ ಸರಿದವು. ಪಿಟೀಲಿನ ಬಿರಡೆಗಳು ಕಿರುಗುಟ್ಟುತ್ತ ತಿರುಗಿದವು. ಎಲ್ಲರೂ ಅವಳನ್ನು ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ ಹೋಗುತ್ತಿರುವಂತೆ ಕೇಳಿಸಿತು. ಕೊನೆಗೆ ಸಭಾಂಗಣದ ತುಂಬ ಒಂದೇ ಸ್ವರ ನಿಂತಿತು. ಅವಳ ಕಿವಿಗೆ ಮಾತ್ರ ಇಡೀ ವೃಂದ ಒಟ್ಟಾಗಿ ಅಪಶ್ರುತಿ ನುಡಿಸುತ್ತಿತ್ತು.

ಜಿಸ್ಲೆನ್ ಕಣ್ಣು ಫೋನಿನ ಮುಳ್ಳಿನ ಮೇಲೆ ನೆಟ್ಟಳು. ತುಟಿ ಬಿಗಿದು, ತಪ್ಪು ತಪ್ಪು ಎಂದು ಕಿವಿ ಚೀರುತ್ತಿದ್ದ ಸ್ವರವನ್ನು ಊದಿದಳು.

"ಅದೇ," ಎಂದ ಯಾನಿಕ್, ಕಣ್ಣೊರೆಸಿಕೊಳ್ಳುತ್ತ. "ಈಗ ಸರಿಯಾಯ್ತು."